ಹನ್ನೊಂದು ಗಂಟೆಯ ನೆರಳು: ಬೆಂಗಳೂರಿನ ಸುತ್ತ ನಾಲ್ಕು ಕಾಡು ನಡಿಗೆಗಳು

ಸಾವನದುರ್ಗದ ತುದಿಯನ್ನು ನಾನು ಇನ್ನೂ ನೋಡಿಲ್ಲ. ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಅರ್ಧಕ್ಕೇ ಇಳಿದು ಬಂದಿದ್ದೇನೆ. ಇದನ್ನು ಕೇಳಿದ ನಮ್ಮ ಭಾವ, "ಅಲ್ಲಮ್ಮ, ಅಷ್ಟು ದೂರ ಹೋಗಿ ತುದಿ ನೋಡದೆ ಬರುವುದೆಂದರೆ ಮದುವೆಗೆ ಹೋಗಿ ಊಟ ಮಾಡದೆ ಎದ್ದು ಬಂದ ಹಾಗೆ" ಎಂದರು. "ನಾನು ಹೋದದ್ದು ಊಟಕ್ಕಲ್ಲ ಭಾವ, ಚಪ್ಪರದ ನೆರಳಿಗೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾದರೂ ಒಪ್ಪಲಿಲ್ಲ.

ನನಗೀಗ ಐವತ್ತಮೂರು. ಎಡ ಮಂಡಿಗೆ ನನಗಿಂತ ಹತ್ತು ವರ್ಷ ಹೆಚ್ಚೇ ಆಗಿರಬೇಕು. ಬೆಳಿಗ್ಗೆ ಬೆಂಗಳೂರಿನಿಂದ ಹೊರಟು, ಮರಗಳ ನಡುವೆ ಮೂರು ನಾಲ್ಕು ಗಂಟೆ ನಡೆದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ನನಗೆ ಬೇಕಿದ್ದುದು ಅಷ್ಟೇ. ಯಾರನ್ನು ಕೇಳಿದರೂ ಬೆಟ್ಟದ ಎತ್ತರ ಹೇಳುತ್ತಾರೆ, ಸೂರ್ಯೋದಯದ ಫೋಟೊ ತೋರಿಸುತ್ತಾರೆ. ಹನ್ನೊಂದು ಗಂಟೆಗೆ ತಲೆಯ ಮೇಲೆ ಏನಿರುತ್ತದೆ, ಪಾದದ ಕೆಳಗೆ ಏನಿರುತ್ತದೆ ಎಂದು ಯಾರೂ ಹೇಳುವುದಿಲ್ಲ. ಹಾಗಾಗಿ ಕಚೇರಿಯ ಗೆಳತಿಯೊಬ್ಬಳನ್ನು ಕಟ್ಟಿಕೊಂಡು ನಾನೇ ನೋಡಲು ಹೊರಟೆ. ಸಾವನದುರ್ಗ, ರಾಮದೇವರ ಬೆಟ್ಟ, ದೇವರಾಯನದುರ್ಗ, ತುರಹಳ್ಳಿ. ಹೋದದ್ದು ಈ ಕ್ರಮದಲ್ಲಲ್ಲ, ಒಂದೊಂದಕ್ಕೆ ಒಂದೇ ಸಲವೂ ಅಲ್ಲ.

ಸಾವನದುರ್ಗದಿಂದಲೇ ಆರಂಭಿಸುತ್ತೇನೆ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರ್ ಆಸುಪಾಸು, ಮಾಗಡಿಯ ಹತ್ತಿರ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು. ಸಮುದ್ರಮಟ್ಟದಿಂದ 1226 ಮೀಟರ್. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಇದೂ ಒಂದು ಎಂಬ ಹೆಸರಿದೆ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಈ ಕೋಟೆಯನ್ನು ಟಿಪ್ಪುವಿನ ಕಡೆಯವರಿಂದ ಕಿತ್ತುಕೊಂಡಿತು. ಹತ್ತುವ ದಾರಿ ಎಂದರೆ ದಾರಿಯೇನೂ ಅಲ್ಲ, ಬಂಡೆಯ ಬೆನ್ನು. ಅಲ್ಲಲ್ಲಿ ಬಳಿದ ಬಾಣದ ಗುರುತು ನೋಡಿಕೊಂಡು ಹೋಗಬೇಕು. ಮೊದಲ ಸಲ ಒಂಬತ್ತೂವರೆಗೆ ಹತ್ತಲು ಶುರು ಮಾಡಿದ್ದೇ ತಪ್ಪು. ಹತ್ತೂವರೆಗೆ ಅಂಗೈ ಊರಿದರೆ ರೊಟ್ಟಿ ಹಂಚಿನ ಮೇಲೆ ಊರಿದಂತಾಯಿತು. ಸುತ್ತ ಎಲ್ಲಿ ನೋಡಿದರೂ ಕಲ್ಲು, ಕಲ್ಲಿನ ಬಿರುಕಿನಲ್ಲಿ ಒಂದಿಷ್ಟು ಹುಲ್ಲು. ಹತ್ತುವಾಗ ಇಲ್ಲದ ಭಯ ಇಳಿಯುವಾಗ ಬಂತು. ಕುಳಿತು ಜಾರಿಕೊಂಡೇ ಇಳಿದೆ. ಒಂದು ಚೂಡಿದಾರ ಅಲ್ಲಿಗೆ ಮುಗಿಯಿತು. ಎರಡನೆಯ ಸಲ ರಾತ್ರಿ ಬಿದ್ದ ಮಳೆಗೆ ಬಂಡೆ ಹೊಳೆಯುತ್ತಿತ್ತು. ಅದನ್ನು ನೋಡಿ ನಾನೇ ಹಿಂದೆ ಸರಿದೆ. ಒದ್ದೆ ಬಂಡೆಯ ಮೇಲೆ ಧೈರ್ಯ ತೋರಿಸುವುದಕ್ಕೆ ನನ್ನ ಬಳಿ ಇನ್ನೊಂದು ಜೊತೆ ಮಂಡಿ ಇಲ್ಲ.

ಆದರೆ ಆ ಎರಡನೆಯ ಸಲವೇ ಸಾವನದುರ್ಗದಲ್ಲಿ ಕಾಡು ಎಲ್ಲಿದೆ ಎಂದು ಗೊತ್ತಾದದ್ದು. ಅದು ಇರುವುದು ಬುಡದಲ್ಲಿ. ಅಷ್ಟು ದೊಡ್ಡ ಬಂಡೆಯ ಮೇಲೆ ಸುರಿದ ಮಳೆ ಒಳಕ್ಕೆ ಇಂಗುವುದಿಲ್ಲ. ಮನೆಯ ಸೂರಿನಿಂದ ಇಳಿದಂತೆ ಪೂರ್ತಿ ಕೆಳಗೆ ಇಳಿಯುತ್ತದೆ. ಅದನ್ನು ಕುಡಿದು ಬಂಡೆಯ ಕಾಲಬುಡದಲ್ಲಿ ಮರಗಳು ಎದ್ದು ನಿಂತಿವೆ: ದಿಂಡಿಗ, ಕಕ್ಕೆ, ಹೊನ್ನೆ. ವೀರಭದ್ರ ಮತ್ತು ನರಸಿಂಹ ದೇವಸ್ಥಾನಗಳನ್ನು ದಾಟಿ ಪಕ್ಕಕ್ಕೆ ತಿರುಗಿದರೆ ಐದೇ ನಿಮಿಷದಲ್ಲಿ ಗಲಾಟೆ ಅಡಗುತ್ತದೆ. ಏಕೆಂದರೆ ಬಂದವರೆಲ್ಲರೂ ಮೇಲೆ ಹೋಗಿರುತ್ತಾರೆ! ಹನ್ನೊಂದು ಗಂಟೆಗೆ ಅಲ್ಲಿ ಬಂಡೆಯದೇ ನೆರಳು ಬಿದ್ದಿತ್ತು. ಮಂಚನಬೆಲೆಯ ಕಡೆಯಿಂದ ಆಗಾಗ ಆನೆ ಬರುತ್ತದೆ ಎಂದು ದೇವಸ್ಥಾನದ ಬಳಿ ಹೂವು ಮಾರುವಾಕೆ ಹೇಳಿದ್ದರಿಂದ ಬಹಳ ದೂರ ಹೋಗಲಿಲ್ಲ. ಸಾವನದುರ್ಗಕ್ಕೆ ನನ್ನಿಂದ ಎರಡು ಅಂಕಪಟ್ಟಿ: ಬೆಟ್ಟಕ್ಕೆ ಸೊನ್ನೆ, ಬುಡಕ್ಕೆ ನೂರಕ್ಕೆ ಎಂಬತ್ತು. ಅನನುಕೂಲ ಒಂದೇ. ಸ್ವಂತ ವಾಹನ ಇಲ್ಲದಿದ್ದರೆ ಮಾಗಡಿಯಲ್ಲಿ ಇಳಿದು ಮತ್ತೊಂದು ಬಸ್ಸಿಗೋ ಆಟೋಗೋ ಕಾಯಬೇಕು. ಆ ಕಾಯುವಿಕೆ ಬೆಳಗಿನ ತಂಪನ್ನೆಲ್ಲ ತಿಂದುಹಾಕುತ್ತದೆ.

ರಾಮದೇವರ ಬೆಟ್ಟಕ್ಕೆ ಆ ತೊಂದರೆ ಇಲ್ಲ. ಮೈಸೂರು ಕಡೆಯ ರೈಲು ಹತ್ತಿ ರಾಮನಗರದಲ್ಲಿ ಇಳಿದರೆ ಅಲ್ಲಿಂದ ಆಟೋದಲ್ಲಿ ಸ್ವಲ್ಪ ಹೊತ್ತು. ನಾಲ್ಕರಲ್ಲಿ ಇದೊಂದೇ ಅಧಿಕೃತವಾಗಿ ಅಭಯಾರಣ್ಯ: 2012ರಲ್ಲಿ ಸುಮಾರು 346 ಹೆಕ್ಟೇರನ್ನು ರಣಹದ್ದುಗಳಿಗೆಂದೇ ಮೀಸಲಿಟ್ಟರು, ದೇಶದಲ್ಲಿ ಅಂಥದ್ದು ಅದೇ ಮೊದಲು. ಟಿಕೆಟ್ ಕೊಂಡು ಒಳಗೆ ಹೋಗಬೇಕು. ದೇವಸ್ಥಾನದವರೆಗೆ ಮೆಟ್ಟಿಲುಗಳಿವೆ, ಕಡಿದಾದಲ್ಲಿ ಹಿಡಿದುಕೊಳ್ಳಲು ಕಂಬಿಯೂ ಇದೆ. ಮಂಡಿಯ ದೃಷ್ಟಿಯಿಂದ ಹೇಳುವುದಾದರೆ, ಮೆಟ್ಟಿಲು ಹತ್ತುವುದೂ ಕಾಡಿನಲ್ಲಿ ನಡೆಯುವುದೂ ಒಂದೇ ಅಲ್ಲ. ಮಣ್ಣಿನ ದಾರಿಯಲ್ಲಿ ಪಾದ ಪ್ರತಿ ಹೆಜ್ಜೆಗೂ ತನಗೆ ಬೇಕಾದ ಜಾಗ ಆರಿಸಿಕೊಳ್ಳುತ್ತದೆ. ಮೆಟ್ಟಿಲಿನ ಮೇಲೆ ಒಂದೇ ಪೆಟ್ಟು, ಒಂದೇ ಜಾಗಕ್ಕೆ. ನೆರಳೂ ಅಷ್ಟಕ್ಕಷ್ಟೆ.

ಹಾಗಾದರೆ ಯಾಕೆ ಹೋಗಬೇಕು? ಎರಡು ಕಾರಣಕ್ಕೆ. ಒಂದು ಕಲ್ಲು. ಬಳ್ಳಾರಿಯ ಕಡೆಯಿಂದ ದಕ್ಷಿಣಕ್ಕೆ ಹಬ್ಬಿರುವ ಗ್ರಾನೈಟ್ ಪಟ್ಟಿಗೆ ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯ ಹೆಸರನ್ನೇ ಭೂವಿಜ್ಞಾನಿಗಳು ಇಟ್ಟಿದ್ದಾರೆ. ಸಾವನದುರ್ಗವೂ ಅದರದೇ ತುಂಡು. ವಯಸ್ಸು ಸುಮಾರು 250 ಕೋಟಿ ವರ್ಷ. ಮೆಟ್ಟಿಲಿನ ಪಕ್ಕದ ಬಂಡೆಗೆ ಮುಖ ಹತ್ತಿರ ತಂದು ನೋಡಿ: ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ತಿಳಿಗುಲಾಬಿ ಹರಳುಗಳು, ಕೊಬ್ಬರಿ ಮಿಠಾಯಿಯನ್ನು ತುಂಡು ಮಾಡಿ ಕರಿಯ ಎಳ್ಳಿನಲ್ಲಿ ಕಲಸಿದ ಹಾಗೆ. ಇನ್ನೊಂದು ಕಾರಣ ರಣಹದ್ದು. ನಾನು ಕಂಡದ್ದು ಎರಡೇ ಎರಡು ಚುಕ್ಕೆ, ಅದೂ ಪಕ್ಕದಲ್ಲಿದ್ದ ಹುಡುಗ ತನ್ನ ದುರ್ಬೀನು ಕೊಟ್ಟಿದ್ದಕ್ಕೆ. ಆದರೆ ಅವು ಕೂರುವ ಜಾಗ ಬರಿಗಣ್ಣಿಗೇ ಕಾಣುತ್ತದೆ. ಎದುರಿನ ಕಡಿದಾದ ಬಂಡೆಯಲ್ಲಿ ಮೇಲಿನಿಂದ ಕೆಳಕ್ಕೆ ಸುಣ್ಣ ಚೆಲ್ಲಿದಂತೆ ಬಿಳಿಯ ಗೆರೆಗಳು. ಎಷ್ಟೋ ವರ್ಷಗಳ ಹಿಕ್ಕೆ ಅದು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ನೋವಿನ ಔಷಧಿ, ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಹಾಳುಮಾಡಿ ದೇಶದ ರಣಹದ್ದುಗಳನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಎಷ್ಟು ಬೇಗ ತಾನೇ ಚೇತರಿಸಿಕೊಂಡೀತು? ಮಂಡಿಯಲ್ಲೂ ನೋವು, ಅದಕ್ಕೆ ಹಚ್ಚುವ ಮುಲಾಮಿನಲ್ಲೂ ಅದೇ ಔಷಧಿ. ಕೆಳಗಿಳಿದು ಚೀಲದಿಂದ ಟ್ಯೂಬು ತೆಗೆದಾಗ ಸ್ವಲ್ಪ ಮುಜುಗರವಾಯಿತು.

ನಡಿಗೆಯಾಗಿ ರಾಮದೇವರ ಬೆಟ್ಟ ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ. ಒಮ್ಮೆ ನೋಡಲೇಬೇಕು, ಪದೇಪದೇ ನಡೆಯುವ ಜಾಗ ಅಲ್ಲ.

ಇಲ್ಲಿ ತಟ್ಟೆ ಇಡ್ಲಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ರಾಮನಗರದ ದಾರಿಗೆ ಬಿಡದಿ, ತುಮಕೂರಿನ ದಾರಿಗೆ ಕ್ಯಾತ್ಸಂದ್ರ. ಎರಡೂ ಕಡೆ ತಿಂದಿದ್ದೇನೆ, ಎರಡೂ ಊರಿನವರ ಮುಂದೆ ಬೇರೆ ಬೇರೆ ತೀರ್ಪು ಕೊಟ್ಟಿದ್ದೇನೆ. ಇಲ್ಲಿ ಮಾತ್ರ ನಿಜ ಹೇಳುತ್ತೇನೆ: ಕ್ಯಾತ್ಸಂದ್ರ.

ಆ ಇಡ್ಲಿ ತಿಂದು ಹೊರಟರೆ ದೇವರಾಯನದುರ್ಗ. ತುಮಕೂರಿನಿಂದ ಹದಿನೈದು ಕಿಲೋಮೀಟರಿನಷ್ಟು. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಈ ಹೆಸರು. ಜಯಮಂಗಲಿ ಹುಟ್ಟುವುದು ಇಲ್ಲೇ, ಶಿಂಷಾ ಹುಟ್ಟುವುದೂ ಇದೇ ಬೆಟ್ಟಗಳಲ್ಲಿ. ಒಂದು ಉತ್ತರಕ್ಕೆ ಹೋಗಿ ಪೆನ್ನಾರ್ ಸೇರುತ್ತದೆ, ಇನ್ನೊಂದು ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಒಂದೇ ಬೆಟ್ಟಸಾಲಿನ ಮಳೆ ಎರಡು ಪಾಲಾಗುವ ಈ ಸಂಗತಿ ನನಗೆ ಯಾವ ತುದಿಯ ನೋಟಕ್ಕಿಂತ ಹೆಚ್ಚು ಇಷ್ಟವಾಯಿತು.

ನಡೆಯಬೇಕಾದ ಜಾಗ ಬೆಟ್ಟದ ಮೇಲಲ್ಲ, ನಾಮದ ಚಿಲುಮೆಯ ಸುತ್ತಮುತ್ತ. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದ ಎಂಬುದು ಕಥೆ. ಚಿಲುಮೆ ಎಂದೊಡನೆ ಚಿಮ್ಮುವ ಕಾರಂಜಿಯನ್ನು ಕಲ್ಪಿಸಿಕೊಂಡು ಹೋಗಬೇಡಿ. ಅದು ಒರಳಿನ ಗುಳಿಯಷ್ಟೇ ಇದೆ, ನೀರು ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಸೆಪ್ಟೆಂಬರಿನಲ್ಲಿ ಹೋದಾಗ ಅಲ್ಲಿನ ಅರಣ್ಯ ಸಿಬ್ಬಂದಿಯನ್ನು ಕೇಳಿದೆವು. ಒಬ್ಬ ಕಾವಲುಗಾರರು ನಮ್ಮ ಜೊತೆಯೇ ಬಂದು ಕಾಡಿನ ಮಣ್ಣು ದಾರಿಯಲ್ಲಿ ಎರಡು ಗಂಟೆ ನಡೆಸಿದರು. ಅದು ಕಾಡು! ಹನ್ನೊಂದು ಗಂಟೆಗೆ ಬಿಸಿಲು ನೆಲಕ್ಕೆ ಕಾಸಿನಗಲ ಕಾಸಿನಗಲ ಬೀಳುತ್ತಿತ್ತು. ಪಾದದ ಕೆಳಗೆ ನೆನೆದ ಎಲೆ, ಮೆತ್ತಗೆ. ಮಂಡಿ ಇರುವುದೇ ಮರೆತುಹೋಯಿತು. "ಇದು ಜಾಲಾರಿ ಅಮ್ಮ, ಹೂ ಬಿಟ್ಟಾಗ ಬನ್ನಿ, ದಾರಿಯುದ್ದಕ್ಕೂ ವಾಸನೆ ಬರುತ್ತದೆ" ಎಂದು ಅವರು ಒಂದು ಮರದ ಬೊಡ್ಡೆಯನ್ನು, ಪರಿಚಯದವರ ಬೆನ್ನು ತಟ್ಟುವಂತೆ, ತಟ್ಟಿದರು. ಒಂದು ತಿರುವಿನಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿ, ನೆಲದಲ್ಲಿ ಕೆದರಿ ಒಡೆದ ಗೆದ್ದಲಿನ ಹುತ್ತ ತೋರಿಸಿದರು. ಕರಡಿಯ ಕೆಲಸ, ರಾತ್ರಿಯದ್ದು. ಮಣ್ಣು ಇನ್ನೂ ಹಸಿಯಾಗಿತ್ತು, ಒಡೆದ ಗೂಡಿನೊಳಗೆ ಗೆದ್ದಲು ಆಗಲೇ ರಿಪೇರಿ ಶುರು ಮಾಡಿದ್ದವು.

ಇಷ್ಟು ಮೆಚ್ಚಿ ಬಂದವಳು ಫೆಬ್ರವರಿಯ ಕೊನೆಯಲ್ಲಿ ಮತ್ತೆ ಹೋದೆ. ಗುರುತೇ ಸಿಗಲಿಲ್ಲ. ಎಲೆ ಉದುರಿಸುವ ಕಾಡು ಅದು. ಮರಗಳೆಲ್ಲ ಬೋಳು, ನೆಲದ ತುಂಬ ಹಪ್ಪಳ ಹಾಸಿದಂತೆ ಒಣಗಿದ ಎಲೆ. ಒಂದೊಂದು ಹೆಜ್ಜೆಗೂ ಅಷ್ಟು ಸದ್ದು, ಹಕ್ಕಿ ಎಲ್ಲಿ ನಿಂತೀತು? ಬೆಂಕಿ ಹರಡದಂತೆ ಇಲಾಖೆಯವರು ಅಗಲಕ್ಕೆ ಸವರಿದ ಬೆಂಕಿ ರೇಖೆಗಳು ಬೇರೆ. ಕಾಡಿನೊಳಕ್ಕೆ ಬಿಡಲಿಲ್ಲ, ಬಿಡದಿದ್ದುದೇ ಸರಿ. ಹನ್ನೊಂದರ ನೆರಳಿನ ಲೆಕ್ಕದಲ್ಲಿ ಅಂದು ದೇವರಾಯನದುರ್ಗ ಸಾವನದುರ್ಗದ ಬುಡಕ್ಕಿಂತ ಕೆಳಗೆ ಇಳಿಯಿತು. ಎಲೆ ಇಲ್ಲದಿದ್ದರೂ ಅಲ್ಲಿ ಬಂಡೆಯ ನೆರಳಾದರೂ ಇರುತ್ತದಲ್ಲ.

ಕೊನೆಯದು ತುರಹಳ್ಳಿ. ಇದನ್ನು ಈ ಪಟ್ಟಿಯಲ್ಲಿ ಸೇರಿಸಿದ್ದಕ್ಕೆ ಗೆಳತಿ ನಕ್ಕಳು. ನೀಲಗಿರಿ ನೆಟ್ಟ ತೋಪು, ಕುರುಚಲು, ಲಂಟಾನ, ನಡುವೆ ಬಂಡೆ. ಎಲ್ಲಿ ನಿಂತರೂ ಅಪಾರ್ಟ್‌ಮೆಂಟಿನ ತಲೆ ಕಾಣುತ್ತದೆ. ಸೈಕಲ್ಲಿನವರು, ನಾಯಿ ಕರೆತರುವವರು, ಬಾಟಲಿ ಬಿಸಾಡುವವರು. ನೀಲಗಿರಿಯ ನೆರಳು ನೆರಳೇ ಅಲ್ಲ, ಹರಿದ ಸೀರೆಯನ್ನು ಒಣಹಾಕಿದಂತೆ. ನನ್ನ ಅಳತೆಯಲ್ಲಿ ಇದು ನಾಲ್ಕರಲ್ಲಿ ನಾಲ್ಕನೆಯದು, ಅನುಮಾನವೇ ಇಲ್ಲ.

ಆದರೆ ಉಳಿದ ಮೂರಕ್ಕೆ ನಾನು ಹೋದದ್ದು ಒಟ್ಟು ಆರು ಸಲ. ತುರಹಳ್ಳಿಗೆ ಎಷ್ಟು ಸಲವೋ ಲೆಕ್ಕವಿಟ್ಟಿಲ್ಲ. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ರೇಷ್ಮೆ ಸಂಸ್ಥೆಯವರೆಗೆ ಬಂತು. ವಾಜರಹಳ್ಳಿಯಲ್ಲಿ ಇಳಿದು ಸ್ವಲ್ಪ ದೂರ ಹೋದರೆ ಕಾಡಿನ ಅಂಚು. ಅದೇ ವರ್ಷ ಇಲ್ಲಿ ಟ್ರೀ ಪಾರ್ಕ್ ಮಾಡುವ ಮಾತು ಬಂದಾಗ ಸುತ್ತಲಿನ ಜನ ಗುಂಪುಗೂಡಿ ಬೇಡವೆಂದರು. ಕಾಡಿಗೆ ಬೆಂಚು ಹಾಕಿಸಿ ಪಾರ್ಕ್ ಮಾಡುವುದೆಂದರೆ ಅಜ್ಜಿಗೆ ಬಣ್ಣ ಬಳಿದು ಮದುಮಗಳು ಮಾಡಿದಂತೆ ಎಂದು ನನಗೂ ಅನಿಸುತ್ತದೆ. ಆರೂಕಾಲಿಗೆ ಒಳಗೆ ಹೋಗಿ ಎಂಟಕ್ಕೆ ಹೊರಗೆ ಬರುತ್ತೇನೆ. ಹನ್ನೊಂದು ಗಂಟೆಯ ಪ್ರಶ್ನೆಯೇ ಏಳುವುದಿಲ್ಲ. ಒಂದು ಬಂಡೆಯ ಮರೆಯಲ್ಲಿ ಮಳೆ ತಾಗದ ಪುಡಿಮಣ್ಣಿದೆ. ಅಲ್ಲಿ ಆಲಿಕೆಯಾಕಾರದ ಗುಂಡಿ ತೋಡಿ ಇರುವೆಗೆ ಹೊಂಚು ಹಾಕುವ ಹುಳುಗಳಿವೆ. ಜೂನಿನಲ್ಲಿ ಹನ್ನೊಂದು ಗುಂಡಿ ಇದ್ದವು, ಆಗಸ್ಟಿನಲ್ಲಿ ನಾಲ್ಕು. ದೀಪಾವಳಿ ಕಳೆದ ಮೇಲೆ ಮತ್ತೆ ಎಣಿಸಿದರೆ ಹದಿನೇಳು. ದೇವರಾಯನದುರ್ಗದಲ್ಲಿ ನನಗೆ ಇಂಥ ಲೆಕ್ಕ ಯಾವುದೂ ಗೊತ್ತಿಲ್ಲ.

ಹೋಗುವವರಿಗೆ ಎರಡು ಮಾತು. ಮೂರೂ ಬೆಟ್ಟಗಳಲ್ಲಿ ಚಿರತೆ, ಕರಡಿ ಇವೆ; ಒಬ್ಬರೇ ಹೋಗಬೇಡಿ, ಮಬ್ಬುಗತ್ತಲಿನಲ್ಲಿ ನಡೆಯಬೇಡಿ. ಕೆಲವು ಚಾರಣದ ದಾರಿಗಳಿಗೆ ಈಗ ಮೊದಲೇ ಕಾಯ್ದಿರಿಸಬೇಕಾಗಿರುವುದರಿಂದ ಹೊರಡುವ ಮುನ್ನ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣ ನೋಡಿಕೊಳ್ಳಿ. ತಿಂಡಿಯ ಚೀಲವನ್ನು ಕೋತಿಗಳ ಎದುರು ಬಿಚ್ಚಬೇಡಿ. ಜುಲೈಯಿಂದ ನವೆಂಬರ್‌ವರೆಗೆ ನಾಮದ ಚಿಲುಮೆ, ಬೇಸಿಗೆಯಲ್ಲಿ ಹೋಗಲೇಬೇಕೆಂದಿದ್ದರೆ ಸಾವನದುರ್ಗದ ಬುಡ, ನೆಂಟರು ಬಂದಾಗ ರಾಮದೇವರ ಬೆಟ್ಟ.

ಅಕ್ಟೋಬರಿನಲ್ಲಿ ಭಾವನನ್ನೂ ನಾಮದ ಚಿಲುಮೆಗೆ ಕರೆದುಕೊಂಡು ಹೋಗಿದ್ದೆ. ಎರಡು ಗಂಟೆ ನಡೆದ ಮೇಲೆ "ತುದಿ ಯಾವ ಕಡೆ?" ಎಂದರು. ತುದಿ ಇಲ್ಲ ಎಂದೆ. ಕಲ್ಲಿನ ಮೇಲೆ ಕೂತು ಸಾಕ್ಸಿಗೆ ಅಂಟಿದ ಉತ್ತರಾಣಿಯನ್ನು ಒಂದೊಂದಾಗಿ ಕೀಳುತ್ತ ಕಾಲು ಗಂಟೆ ಮಾತೇ ಆಡಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಸಾವನದುರ್ಗಕ್ಕೆ ಹೋಗುವವರಿದ್ದೇವೆ. ಅವರು ಮೇಲೆ ಹೋಗುತ್ತಾರಂತೆ, ನಾನು ಕೆಳಗೆ ದಿಂಡಿಗದ ಮರದಡಿ ಇರುತ್ತೇನೆ. ಪುಳಿಯೋಗರೆ, ಮೊಸರನ್ನ ಮಾತ್ರ ನನ್ನ ಚೀಲದಲ್ಲಿರುತ್ತವೆ.