ಕಿರು ಗದ್ಯಗಳ ಮೂಲಕ ಇಂಗ್ಲಿಷ್ ಓದು: ಬಳಸಿ ನೋಡಿದ ದಾರಿಗಳ ಹೋಲಿಕೆ

ಮೊಬೈಲ್ ಬಳಕೆ, ಮನೆಯಿಂದಲೇ ಮಾಡುವ ಉದ್ಯೋಗ, ನಿದ್ರೆಯ ಕೊರತೆ, ಆನ್‌ಲೈನ್ ಖರೀದಿ, ನಗರಗಳ ವಾಹನ ದಟ್ಟಣೆ, ಒಂಟಿತನ ಮುಂತಾದ ವಿಷಯಗಳ ಮೇಲಿನ ಒಂದು ಪುಟದ ಗದ್ಯಗಳನ್ನು ಓದಿ ಇಂಗ್ಲಿಷ್ ಸುಧಾರಿಸಿಕೊಳ್ಳಬೇಕೆಂದಿರುವವರಿಗೆ ಈಗ ಸಾಮಗ್ರಿಯ ಕೊರತೆಯಿಲ್ಲ. ಅವುಗಳಲ್ಲಿ ಯಾವುದನ್ನು ಹಿಡಿಯಬೇಕು ಎಂದು ತೀರ್ಮಾನಿಸುವುದೇ ಕಷ್ಟ. ಅಚ್ಚಾದ ಅಭ್ಯಾಸ ಪುಸ್ತಕಗಳು, ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ತಾಣ, ಒಂದೇ ಸುದ್ದಿಯನ್ನು ಹಲವು ಮಟ್ಟಗಳಲ್ಲಿ ಬರೆದುಕೊಡುವ ನ್ಯೂಸ್ ಇನ್ ಲೆವೆಲ್ಸ್ ಮತ್ತು ಬ್ರೇಕಿಂಗ್ ನ್ಯೂಸ್ ಇಂಗ್ಲಿಷ್, ಅಮೆರಿಕ ಸರ್ಕಾರದ ಪ್ರಸಾರ ಸಂಸ್ಥೆ ವಾಯ್ಸ್ ಆಫ್ ಅಮೆರಿಕದ ಕಲಿಕಾ ಲೇಖನಗಳು, ಬಿಬಿಸಿಯ ಸಿಕ್ಸ್ ಮಿನಿಟ್ ಇಂಗ್ಲಿಷ್ ಇವೆಲ್ಲವನ್ನೂ ನಾನು ಸಾಕಷ್ಟು ಕಾಲ ಬಳಸಿದ್ದೇನೆ. ಅಳೆಯಲು ಇಟ್ಟುಕೊಂಡ ಮಾನದಂಡ ಒಂದೇ: ಗದ್ಯವನ್ನು ಓದಿ ಮುಚ್ಚಿಟ್ಟ ಒಂದು ವಾರದ ಬಳಿಕ, ಅದರ ಹೊಸ ಪದಗಳನ್ನು ಏನನ್ನೂ ನೋಡದೆ ನನ್ನದೇ ವಾಕ್ಯಗಳಲ್ಲಿ ಬಳಸಲು ಸಾಧ್ಯವಾಗುತ್ತದೆಯೇ? ಓದುವಾಗ ಅರ್ಥವಾಯಿತೆಂಬ ತೃಪ್ತಿ ಎಲ್ಲದರಲ್ಲೂ ಸಿಗುತ್ತದೆ, ಆದರೆ ವಾರ ಕಳೆದ ಮೇಲೆ ಉಳಿಯುವುದರಲ್ಲಿ ಅವುಗಳ ನಡುವೆ ಬಹಳ ಅಂತರವಿದೆ.

ಈ ಅಂತರಕ್ಕೆ ಕಾರಣ ಹುಡುಕುವಾಗ ಮೊದಲು ನೋಡಬೇಕಾದದ್ದು ಗದ್ಯದಲ್ಲಿ ನಮಗೆ ತಿಳಿಯದ ಪದಗಳು ಎಷ್ಟಿವೆ ಎಂಬುದನ್ನು. ಭಾಷಾ ಸಂಶೋಧಕಿ ಬಾಟಿಯಾ ಲಾಫರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಗದ್ಯವನ್ನು ತಕ್ಕಮಟ್ಟಿಗೆ ಗ್ರಹಿಸಲು ಅದರ ಶೇ 95ರಷ್ಟು ಪದಗಳಾದರೂ ಮೊದಲೇ ಗೊತ್ತಿರಬೇಕು. 2000ರಲ್ಲಿ ಹೂ ಮತ್ತು ಪಾಲ್ ನೇಶನ್ ಎಂಬ ಸಂಶೋಧಕರು, ಯಾರ ನೆರವೂ ಇಲ್ಲದೆ ಸರಾಗವಾಗಿ ಓದಬೇಕಾದರೆ ಈ ಪ್ರಮಾಣ ಶೇ 98ರಷ್ಟಿರಬೇಕೆಂಬ ನಿಲುವಿಗೆ ಬಂದರು. ಮೇಲ್ನೋಟಕ್ಕೆ ಇವೆರಡರ ನಡುವೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಆದರೆ 300 ಪದಗಳ ಗದ್ಯದಲ್ಲಿ ಮೊದಲನೆಯ ಲೆಕ್ಕದಂತೆ 15 ಅಪರಿಚಿತ ಪದಗಳಿರುತ್ತವೆ, ಎರಡನೆಯದರಂತೆ 6 ಮಾತ್ರ. 15 ಪದಗಳಿಗಾಗಿ ನಿಘಂಟು ತೆರೆಯುವಷ್ಟರಲ್ಲಿ ವಿಷಯದ ಎಳೆ ಕೈತಪ್ಪುತ್ತದೆ. 6 ಪದಗಳಾದರೆ ಕೆಲವನ್ನು ಸಂದರ್ಭದಿಂದಲೇ ಊಹಿಸಿಕೊಂಡು, ಉಳಿದವನ್ನು ಓದು ಮುಗಿದ ಮೇಲೆ ನಿಧಾನವಾಗಿ ನೋಡಿಕೊಳ್ಳಬಹುದು.

ಅಭ್ಯಾಸ ಪುಸ್ತಕಗಳು ಹಿಂದೆ ಬೀಳುವುದು ಇಲ್ಲಿಯೇ. ಅವುಗಳ ಕ್ರಮ ಎಲ್ಲರಿಗೂ ಪರಿಚಿತ: ಒಂದು ಗದ್ಯ, ಅದರ ಕೆಳಗೆ ಕಠಿಣ ಪದಗಳ ಅರ್ಥ, ಬಳಿಕ ಬಹು ಆಯ್ಕೆಯ ಪ್ರಶ್ನೆಗಳು, ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ. ನಾನು ಬಳಸಿದ ಪುಸ್ತಕಗಳಲ್ಲಿ ಕಠಿಣ ಪದಗಳ ಪಟ್ಟಿ ಉದ್ದವಾಗಿದ್ದಷ್ಟೂ ಗದ್ಯ ಶ್ರೇಷ್ಠವೆಂಬ ಭಾವನೆ ಎದ್ದುಕಾಣುತ್ತಿತ್ತು. ಪ್ರಶ್ನೆಗಳ ದೋಷ ಇದಕ್ಕಿಂತ ದೊಡ್ಡದು. ಮಲಗುವ ಮುನ್ನ ಪರದೆ ನೋಡಿದರೆ ನಿದ್ರೆ ತಡವಾಗುತ್ತದೆ ಎಂಬ ವಾಕ್ಯ ಗದ್ಯದಲ್ಲಿದ್ದು, ಮಲಗುವ ಮುನ್ನ ಪರದೆ ನೋಡಿದರೆ ಏನಾಗುತ್ತದೆ ಎಂದು ಅದೇ ಪದಗಳಲ್ಲಿ ಕೇಳಿದರೆ, ಒಂದು ಪದದ ಅರ್ಥವೂ ತಿಳಿಯದವರು ಸಹ ಸಾಲನ್ನು ಗುರುತಿಸಿ ಉತ್ತರ ಬರೆಯಬಲ್ಲರು. ಹೀಗೆ ಪೂರ್ಣ ಅಂಕ ಸಿಗುತ್ತದೆ, ಓದು ಮಾತ್ರ ಬೆಳೆಯುವುದಿಲ್ಲ. ಇದಲ್ಲದೆ ಪ್ರತಿ ಪಾಠವೂ ಹೊಸ ವಿಷಯಕ್ಕೆ ಹಾರುವುದರಿಂದ, ನಿದ್ರೆಯ ಗದ್ಯದಲ್ಲಿ ಕಲಿತ ಪದ ಸಂಚಾರದ ಗದ್ಯದಲ್ಲಾಗಲಿ ಹಣಕಾಸಿನ ಗದ್ಯದಲ್ಲಾಗಲಿ ಮತ್ತೆ ಎದುರಾಗುವುದೇ ಇಲ್ಲ. ಆಧುನಿಕ ಜೀವನವೆಂಬ ಶೀರ್ಷಿಕೆಯ ಅಡಿಯಲ್ಲಿ ಇಂಟರ್ನೆಟ್ ಕೆಫೆಯನ್ನೂ ಸಿ.ಡಿ.ಗಳನ್ನೂ ಹೊಸತೆಂದು ವರ್ಣಿಸುವ ಗದ್ಯಗಳು ಇನ್ನೂ ಮರುಮುದ್ರಣವಾಗುತ್ತಿರುವುದು ಬೇಸರದ ಸಂಗತಿ. ಒಂದು ಗುಣವನ್ನು ಮಾತ್ರ ಒಪ್ಪಬೇಕು: ಕಾಗದದ ಮೇಲೆ ಓದುವಾಗ ಗಮನ ಬೇರೆಡೆ ಸರಿಯುವುದಿಲ್ಲ, ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡು ಓದುವ ಅಭ್ಯಾಸವೂ ಚೆನ್ನಾಗಿ ಕೂಡಿಬರುತ್ತದೆ.

ಲರ್ನ್‌ಇಂಗ್ಲಿಷ್ ತಾಣ ಇದಕ್ಕಿಂತ ಬಹಳ ಮುಂದಿದೆ, ಅದೂ ಉಚಿತವಾಗಿ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಭಾಷಾ ಮಟ್ಟಗಳ ಚೌಕಟ್ಟಿನಲ್ಲಿ ಆರಂಭಿಕರ ಎ1ರಿಂದ ಅತ್ಯುನ್ನತವಾದ ಸಿ2ರವರೆಗೆ ಆರು ಮಟ್ಟಗಳಿದ್ದು, ಈ ತಾಣದ ಓದಿನ ಪಾಠಗಳನ್ನು ಎ1ರಿಂದ ಸಿ1ರವರೆಗೆ ವಿಂಗಡಿಸಲಾಗಿದೆ. ಗದ್ಯಕ್ಕೆ ಮೊದಲೇ ಪದಗಳ ಒಂದು ಪೂರ್ವಾಭ್ಯಾಸ, ಓದಿದ ನಂತರ ಬೇರೆ ಬೇರೆ ಬಗೆಯ ಚಟುವಟಿಕೆಗಳು ಇರುತ್ತವೆ. ಕೆಳಗಿನ ಮಟ್ಟಗಳಲ್ಲಿ ಇಮೇಲ್, ಸೂಚನೆ, ಸಂದೇಶ, ವೇಳಾಪಟ್ಟಿಯಂಥ ನಿತ್ಯ ಬಳಕೆಯ ಬರಹಗಳನ್ನೇ ಓದಿಸುವುದು ನನಗೆ ಬಹಳ ಹಿಡಿಸಿತು. ಏಕೆಂದರೆ ಕಚೇರಿಯ ಪತ್ರದ ವಿನಯ, ಗೆಳೆಯರ ಸಂದೇಶದ ಸಲಿಗೆ, ಎಚ್ಚರಿಕೆಯ ಫಲಕದ ಬಿಗಿ ಇವುಗಳ ವ್ಯತ್ಯಾಸವನ್ನು ಪ್ರಬಂಧರೂಪದ ಗದ್ಯಗಳಿಂದ ಕಲಿಯಲಾಗದು. ಪ್ರಶ್ನೆಗಳಲ್ಲೂ ಗದ್ಯದ ಪದಗಳನ್ನೇ ಮರಳಿ ಬಳಸದೆ ಬೇರೆ ಮಾತಿನಲ್ಲಿ ಕೇಳುವ ಎಚ್ಚರ ಹೆಚ್ಚಾಗಿದೆ. ಓದುವ ಕೌಶಲಕ್ಕೆ ನಾನು ಇದನ್ನೇ ಮೊದಲ ಸ್ಥಾನದಲ್ಲಿ ಇಡುತ್ತೇನೆ. ಪದಸಂಪತ್ತಿನ ದೃಷ್ಟಿಯಿಂದ ಮಾತ್ರ ಇಲ್ಲಿಯೂ ಅದೇ ಕೊರತೆ ಕಾಡುತ್ತದೆ: ಪಾಠದಿಂದ ಪಾಠಕ್ಕೆ ವಿಷಯ ಬದಲಾಗುವುದರಿಂದ ಕಲಿತ ಪದಗಳು ಮತ್ತೆ ಸಿಗುವ ಭರವಸೆಯಿಲ್ಲ.

ವಾರದ ಬಳಿಕ ಅತ್ಯಂತ ಹೆಚ್ಚು ಪದಗಳು ನೆನಪಿನಲ್ಲಿ ಉಳಿದದ್ದು ಒಂದೇ ಸುದ್ದಿಯನ್ನು ಹಲವು ಮಟ್ಟಗಳಲ್ಲಿ ಓದಿದಾಗ. ನ್ಯೂಸ್ ಇನ್ ಲೆವೆಲ್ಸ್ ತಾಣದಲ್ಲಿ ಪ್ರತಿ ಸುದ್ದಿಗೂ ಮೂರು ರೂಪಗಳಿವೆ. ಅವು ಕ್ರಮವಾಗಿ 1000, 2000 ಮತ್ತು 3000 ಪದಗಳನ್ನು ಬಲ್ಲವರಿಗಾಗಿ ಸಿದ್ಧವಾದವು. ಬ್ರೇಕಿಂಗ್ ನ್ಯೂಸ್ ಇಂಗ್ಲಿಷ್ ತಾಣದಲ್ಲಿ ಮಟ್ಟಗಳು 0ಯಿಂದ 6ರವರೆಗೆ ಇದ್ದು, ಪ್ರತಿ ಪಾಠದೊಂದಿಗೆ ಧ್ವನಿಮುದ್ರಣ ಮತ್ತು ಹೇರಳ ಅಭ್ಯಾಸಗಳು ಬರುತ್ತವೆ. ನಾನು ಕೆಳಗಿನ ರೂಪವನ್ನು ಒಂದು ದಿನ ಓದಿ, ಮೇಲಿನದನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತಿದ್ದೆ. ಗೊತ್ತಿರುವ ಕತೆಯನ್ನು ಮತ್ತೊಬ್ಬರ ಬಾಯಲ್ಲಿ ಕೇಳಿದಂತೆ, ವಿಷಯ ಮೊದಲೇ ತಿಳಿದಿರುವುದರಿಂದ ಮನಸ್ಸು ಪೂರ್ತಿಯಾಗಿ ಭಾಷೆಯ ಕಡೆಗೆ ತಿರುಗುತ್ತದೆ. ಮೊದಲ ದಿನ ಸ್ಟಾಪ್ ಎಂದು ಓದಿದ ಜಾಗದಲ್ಲಿ ಮರುದಿನ ಸಸ್ಪೆಂಡ್ ಎಂಬ ಪದ ಬಂದರೆ, ನಿಘಂಟಿನ ಅಗತ್ಯವಿಲ್ಲದೆ ಅದರ ಅರ್ಥ ಹೊಳೆಯುತ್ತದೆ. ಅಷ್ಟೇ ಅಲ್ಲ, ಯಾವ ಬಗೆಯ ಬರಹದಲ್ಲಿ ಯಾವುದು ಒಪ್ಪುತ್ತದೆ ಎಂಬುದೂ ತಿಳಿಯುತ್ತದೆ. ಮೇಲೆ ಹೇಳಿದ ಶೇ 98ರ ಗಡಿಯನ್ನು ಇಷ್ಟು ಸಹಜವಾಗಿ ಪಾಲಿಸುವ ಬೇರೆ ವಿಧಾನವನ್ನು ನಾನು ಕಂಡಿಲ್ಲ.

ಎರಡೂ ತಾಣಗಳ ಮಿತಿಗಳನ್ನೂ ಹೇಳಬೇಕು. ನ್ಯೂಸ್ ಇನ್ ಲೆವೆಲ್ಸ್‌ನ ಮೊದಲ ಮಟ್ಟದ ವಾಕ್ಯಗಳು ತುಂಡುತುಂಡಾಗಿರುತ್ತವೆ. ಒಂದು ವಾಕ್ಯಕ್ಕೂ ಮುಂದಿನದಕ್ಕೂ ಇರಬೇಕಾದ ಆದರೆ, ಆದ್ದರಿಂದ, ಹೀಗಿದ್ದರೂ ಎಂಬಂಥ ಕೊಂಡಿಗಳು ಬಿಟ್ಟುಹೋಗಿರುತ್ತವೆ. ಅದನ್ನು ಓದಲು ಬಳಸಬಹುದೇ ಹೊರತು ಬರವಣಿಗೆಗೆ ಮಾದರಿಯಾಗಿ ಇಟ್ಟುಕೊಳ್ಳಬಾರದು. ಬ್ರೇಕಿಂಗ್ ನ್ಯೂಸ್ ಇಂಗ್ಲಿಷ್‌ನ ತೊಂದರೆ ಅತಿಯಾದ ಸಮೃದ್ಧಿ. ಸಮಾನಾರ್ಥಕಗಳನ್ನು ಹೊಂದಿಸುವುದು, ಪದಪುಂಜಗಳನ್ನು ಜೋಡಿಸುವುದು, ಸರಿಯೋ ತಪ್ಪೋ ಹೇಳುವುದು ಎಂದು ಎಲ್ಲವನ್ನೂ ಮಾಡಹೊರಟರೆ ಒಂದು ಗದ್ಯದಲ್ಲೇ ಆಸಕ್ತಿ ಬತ್ತಿಹೋಗುತ್ತದೆ. ಕೇಳುತ್ತಾ ಬಿಟ್ಟ ಸ್ಥಳ ತುಂಬುವ ಅಭ್ಯಾಸ ಮತ್ತು ಉಕ್ತಲೇಖನ ಇವೆರಡನ್ನು ಮಾಡಿ ಉಳಿದವನ್ನು ಬಿಡುವುದು ನನ್ನ ಮಟ್ಟಿಗೆ ಫಲಕಾರಿಯಾಯಿತು. ಆರಂಭದ ಹಂತದವರು ಮೊದಲನೆಯ ತಾಣವನ್ನೂ ಮಧ್ಯಮ ಹಂತ ದಾಟಿದವರು ಎರಡನೆಯದನ್ನೂ ಆರಿಸಿಕೊಳ್ಳಲಿ ಎಂಬುದು ನನ್ನ ಸಲಹೆ.

ವಿಷಯದ ಮುಂದುವರಿಕೆಯ ಬಗ್ಗೆ ಇನ್ನೂ ಸ್ವಲ್ಪ ಹೇಳುವುದಿದೆ, ಏಕೆಂದರೆ ತಾಣದ ಆಯ್ಕೆಗಿಂತ ಇದರಿಂದ ಆದ ಲಾಭವೇ ದೊಡ್ಡದು. ಭಾಷಾ ಕಲಿಕೆಯ ವಿದ್ವಾಂಸ ಸ್ಟೀಫನ್ ಕ್ರಾಶೆನ್ 1981ರಲ್ಲಿಯೇ, ಕಲಿಯುವವರು ಹಲವು ವಿಷಯಗಳಿಗೆ ಹರಡಿಕೊಳ್ಳದೆ ಒಂದೇ ವಿಷಯವನ್ನು ಅಥವಾ ಒಬ್ಬರೇ ಲೇಖಕರನ್ನು ಬಿಡದೆ ಓದಬೇಕೆಂದು ವಾದಿಸಿದ್ದರು. ಅದರಂತೆ ಕೆಲವು ವಾರಗಳ ಕಾಲ ನಿದ್ರೆ ಮತ್ತು ಆರೋಗ್ಯದ ಗದ್ಯಗಳನ್ನಷ್ಟೇ ಈ ಎಲ್ಲ ತಾಣಗಳಿಂದ ಆಯ್ದು ಓದಿದೆ. ಮೊದಲ ಕೆಲವು ಗದ್ಯಗಳು ಭಾರವೆನಿಸಿದವು. ಆಮೇಲೆ ಅದೇ ಪದಗಳು ಒಮ್ಮೆ ನಾಮಪದವಾಗಿ, ಒಮ್ಮೆ ಕ್ರಿಯಾಪದವಾಗಿ, ಬೇರೆ ಬೇರೆ ಉಪಸರ್ಗಗಳೊಂದಿಗೆ ಮತ್ತೆ ಮತ್ತೆ ಎದುರಾಗಿ ತಾವಾಗಿಯೇ ನೆಲೆನಿಂತವು. ದಿನಕ್ಕೊಂದು ಹೊಸ ವಿಷಯವನ್ನು ಓದಿದಾಗ ಸಿಗುವ ವೈವಿಧ್ಯ ಇದರಲ್ಲಿ ಇಲ್ಲ ಎಂಬ ಆಕ್ಷೇಪ ಇರಬಹುದು. ಆದರೆ ಪದವೊಂದು ನಮ್ಮದಾಗಲು ಅದು ಮರಳಿ ಬರಲೇಬೇಕು, ಮತ್ತು ಮರಳಿ ಬರುವ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ.

ವಾಯ್ಸ್ ಆಫ್ ಅಮೆರಿಕದ ಕಲಿಕಾ ವಿಭಾಗದ ಬೇರು ಬಹಳ ಹಿಂದಿನದು. ಸ್ಪೆಷಲ್ ಇಂಗ್ಲಿಷ್ ಎಂಬ ಹೆಸರಿನಲ್ಲಿ 1959ರ ಅಕ್ಟೋಬರ್‌ನಲ್ಲಿ ಆರಂಭವಾದ ಆ ಪ್ರಸಾರಕ್ಕೆ ಸುಮಾರು 1500 ಪದಗಳ ಶಬ್ದಭಂಡಾರ, ಚಿಕ್ಕ ವಾಕ್ಯಗಳು ಮತ್ತು ನಿಧಾನಗತಿಯ ವಾಚನ ಎಂಬ ನಿಯಮಗಳಿದ್ದವು. ಆ ಶಿಸ್ತು ಲೇಖನಗಳಲ್ಲಿಯೂ ಕಾಣುತ್ತದೆ: ವಾಕ್ಯಗಳು ಸರಳವಾಗಿದ್ದರೂ ವಿಷಯ ಬಾಲಿಶವಾಗುವುದಿಲ್ಲ, ಕೊನೆಯಲ್ಲಿ ಕೆಲವೇ ಪದಗಳನ್ನು ಸುಲಭ ಇಂಗ್ಲಿಷ್‌ನಲ್ಲಿ ವಿವರಿಸಿರುತ್ತಾರೆ. ಆದರೆ 2025ರಲ್ಲಿ ಆ ಸಂಸ್ಥೆಯ ಕೆಲಸ ಬಹುಮಟ್ಟಿಗೆ ಸ್ಥಗಿತಗೊಂಡಿದ್ದರಿಂದ ಹೊಸ ಲೇಖನಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಹಳೆಯ ಲೇಖನಗಳನ್ನು ಓದಿಕೊಳ್ಳಬಹುದು.

ಬಿಬಿಸಿಯ ಸಿಕ್ಸ್ ಮಿನಿಟ್ ಇಂಗ್ಲಿಷ್ ಹೆಸರಿಗೆ ತಕ್ಕಂತೆ ಆರು ನಿಮಿಷಗಳ ಸಂಭಾಷಣೆ. ಇಬ್ಬರು ನಿರೂಪಕರು ಸಮಕಾಲೀನ ವಿಷಯವೊಂದನ್ನು ಚರ್ಚಿಸುತ್ತಾರೆ, ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಕೊನೆಯಲ್ಲಿ ಉತ್ತರ ಕೊಡುತ್ತಾರೆ, ಆರು ಪದಗಳನ್ನು ವಿವರಿಸಿ ಮುಗಿಸುವ ಮುನ್ನ ಮತ್ತೊಮ್ಮೆ ನೆನಪಿಸುತ್ತಾರೆ. ಅದರ ಲಿಖಿತ ಪ್ರತಿಯನ್ನು ನಾನು ಗದ್ಯವಾಗಿಯೇ ಓದಿದೆ. ಪುಟ್ ಆಫ್, ಕಟ್ ಡೌನ್ ಆನ್ ಮೊದಲಾದ ಕ್ರಿಯಾಪದಗಳು ಮತ್ತು ಮಾತಿನ ನುಡಿಗಟ್ಟುಗಳು ಇಲ್ಲಿ ದೊರೆಯುವಷ್ಟು ಸಹಜವಾಗಿ ಸುದ್ದಿಯ ಗದ್ಯಗಳಲ್ಲಿ ದೊರೆಯುವುದಿಲ್ಲ. ಒಂದೇ ಪ್ರಸಂಗದೊಳಗೆ ಪ್ರತಿ ಪದವೂ ಹಲವು ಬಾರಿ ಬರುವುದರಿಂದ ನೆನಪಿನಲ್ಲಿ ಉಳಿಯುವುದರಲ್ಲಿ ಇದಕ್ಕೆ ಎರಡನೆಯ ಸ್ಥಾನ. ಸಂಭಾಷಣೆಯಾದ್ದರಿಂದ, ಉದ್ದನೆಯ ವಾಕ್ಯಗಳನ್ನು ಬಿಡಿಸಿ ಓದುವ ಶಕ್ತಿಯನ್ನು ಮಾತ್ರ ಇದು ಬೆಳೆಸುವುದಿಲ್ಲ.

ಇತ್ತೀಚೆಗೆ ಚಾಟ್‌ಬಾಟ್‌ಗಳಿಂದ ಗದ್ಯ ಬರೆಸಿಕೊಳ್ಳುವುದೂ ಸಾಧ್ಯವಾಗಿದೆ. ಹಿಂದಿನ ವಾರ ಕಲಿತ ಪದಗಳನ್ನು ಕೊಟ್ಟು, ಅವುಗಳನ್ನೇ ಬಳಸಿ ಹೊಸ ಗದ್ಯ ಬರೆ ಎಂದು ಕೇಳಿದರೆ ಕ್ಷಣದಲ್ಲಿ ಸಿಗುತ್ತದೆ. ಪದಗಳು ಮರಳಿ ಬರುವ ಏರ್ಪಾಡಿಗೆ ಇದು ಒಳ್ಳೆಯ ನೆರವು. ಆದರೆ ನನಗೆ ಸಿಕ್ಕ ಗದ್ಯಗಳೆಲ್ಲ ಒಂದೇ ಅಚ್ಚಿನವಾಗಿದ್ದವು: ಮೊಬೈಲ್ ಬಗ್ಗೆ ಬರೆಸಿದರೂ ನಗರದ ಬಗ್ಗೆ ಬರೆಸಿದರೂ ಒಂದಿಷ್ಟು ಅನುಕೂಲ, ಒಂದಿಷ್ಟು ಅನನುಕೂಲ, ಕೊನೆಗೆ ಎಲ್ಲವೂ ಮಿತವಾಗಿರಲಿ ಎಂಬ ಹಿತವಚನ. ಓದುವ ಕುತೂಹಲವನ್ನು ಹುಟ್ಟಿಸದ ಗದ್ಯದಿಂದ ಪದಗಳೂ ಬೇಗ ಜಾರಿಹೋಗುತ್ತವೆ. ಪುನರಾವರ್ತನೆಗೆ ಮಾತ್ರ ಇದನ್ನು ಬಳಸುತ್ತೇನೆ, ಮೊದಲ ಓದಿಗೆ ಬಳಸುವುದಿಲ್ಲ.

ಓದಿದ ಮೇಲೆ ಏನು ಮಾಡಬೇಕೆಂಬುದರಲ್ಲಿಯೂ ಎರಡು ದಾರಿಗಳನ್ನು ಹೋಲಿಸಿ ನೋಡಿದೆ: ಗದ್ಯವನ್ನು ಮತ್ತೆ ಮತ್ತೆ ಓದುವುದು ಒಂದು, ಮುಚ್ಚಿಟ್ಟು ನೆನಪಾದಷ್ಟನ್ನು ಬರೆಯುವುದು ಇನ್ನೊಂದು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಿರು ಗದ್ಯಗಳನ್ನೇ ಬಳಸಿ ನಡೆಸಿದ ಪ್ರಯೋಗದಲ್ಲಿ, ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮರುಓದು ಮಾಡಿದವರೇ ಮುಂದಿದ್ದರು. ಎರಡು ದಿನ ಮತ್ತು ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದಾದರು. ನನ್ನ ಅನುಭವವೂ ಅದಕ್ಕೆ ಹೊಂದುತ್ತದೆ. ಪ್ರಶ್ನೆ-ಉತ್ತರದ ಕಾರ್ಡುಗಳನ್ನು ತೋರಿಸಿ ನೆನಪನ್ನು ಪರೀಕ್ಷಿಸುವ ಆ್ಯಂಕಿಯಂಥ ತಂತ್ರಾಂಶವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ, ಆದರೆ ಕಾರ್ಡಿನಲ್ಲಿ ಬಿಡಿ ಪದದ ಬದಲು ಗದ್ಯದ ಇಡೀ ವಾಕ್ಯವನ್ನು ಹಾಕಿ, ಕಲಿಯಬೇಕಾದ ಪದದ ಜಾಗವನ್ನು ಖಾಲಿ ಬಿಟ್ಟರೆ ಮಾತ್ರ ಬಳಕೆ ಕೈಗೆ ಬರುತ್ತದೆ. ಅರ್ಥ ನೋಡಲು ಕಲಿಯುವವರಿಗಾಗಿ ರಚಿಸಿದ ನಿಘಂಟುಗಳೇ ಮೇಲು. 1978ರಲ್ಲಿ ಹೊರಬಂದ ಲಾಂಗ್‌ಮನ್ ನಿಘಂಟು ಸುಮಾರು 2000 ಸಾಮಾನ್ಯ ಪದಗಳಲ್ಲಿಯೇ ಎಲ್ಲ ವಿವರಣೆಗಳನ್ನು ಕೊಡುವ ಕ್ರಮವನ್ನು ಪಾಲಿಸಿತು.

ಪರೀಕ್ಷೆಗೆ ಸಿದ್ಧರಾಗುತ್ತಿರುವವರ ಲೆಕ್ಕ ಸ್ವಲ್ಪ ಬೇರೆ. ಇಂಗ್ಲಿಷ್ ಸಾಮರ್ಥ್ಯವನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಅಕಾಡೆಮಿಕ್ ಓದಿನ ಭಾಗದಲ್ಲಿ 60 ನಿಮಿಷಗಳಲ್ಲಿ ಮೂರು ಉದ್ದನೆಯ ಗದ್ಯಗಳನ್ನು ಓದಿ 40 ಪ್ರಶ್ನೆಗಳಿಗೆ ಉತ್ತರಿಸಬೇಕು. ಸರಿ ಮತ್ತು ತಪ್ಪಿನ ಜೊತೆಗೆ ಗದ್ಯದಲ್ಲಿ ಹೇಳಿಲ್ಲ ಎಂಬ ಮೂರನೆಯ ಆಯ್ಕೆಯೂ ಅಲ್ಲಿರುತ್ತದೆ. ಆ ಮೂರನೆಯ ಆಯ್ಕೆಯನ್ನು ಗುರುತಿಸುವ ಜಾಣ್ಮೆಯೂ ಗಡಿಯಾರದ ಜೊತೆ ಓದುವ ರೂಢಿಯೂ ಕಿರು ಗದ್ಯಗಳಿಂದಷ್ಟೇ ಬರುವುದಿಲ್ಲ. ಅಂಥವರು ಮಟ್ಟಾನುಸಾರದ ಸುದ್ದಿಗಳಿಂದ ಪದಗಳನ್ನು ಕೂಡಿಸಿಕೊಂಡು, ಕೊನೆಯ ಹಂತದಲ್ಲಿ ಆ ಪರೀಕ್ಷೆಗೆಂದೇ ರಚಿಸಿದ ಮಾದರಿ ಪ್ರಶ್ನೆಪತ್ರಿಕೆಗಳ ಪುಸ್ತಕಕ್ಕೆ ಹೋಗಲಿ.