ಎಂಡಿಎನ್ ವೆಬ್ ಡಾಕ್ಸ್: ವಿಕಿ ಕಾಲದಿಂದ ಬಳಸುತ್ತಿರುವವರ ಅನಿಸಿಕೆ

ವೆಬ್‌ಸೈಟ್ ಕಟ್ಟುವ ಕೆಲಸದಲ್ಲಿರುವವರ ಬ್ರೌಸರಿನಲ್ಲಿ ಎಂಡಿಎನ್ (ವೆಬ್ ಕೋಡ್ ಬರೆಯುವವರಿಗೆ ಬೇಕಾದ ವಿವರಗಳೆಲ್ಲ ಇರುವ ಸೈಟು) ಒಂದು ಟ್ಯಾಬಿನಲ್ಲಾದರೂ ತೆರೆದಿರುತ್ತದೆ, ಅಲ್ವಾ? ನಾನಂತೂ ಅದು ವಿಕಿ, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಸೈಟು, ಆಗಿದ್ದಾಗಿನಿಂದ ಬಳಸುತ್ತಿದ್ದೇನೆ. ಅದರ ಮುಖ ಎಷ್ಟೋ ಸಲ ಬದಲಾಗಿದೆ. ಬಣ್ಣ, ಲೋಗೋ ಬದಲಾದಾಗೆಲ್ಲ ಜನ ಜಾಸ್ತಿ ಮಾತಾಡುತ್ತಾರೆ, ಆದರೆ ನನಗೆ ಉಪಯೋಗಕ್ಕೆ ಬಂದದ್ದು ಒಳಗಡೆ ಮಾಹಿತಿ ಇಡುವ ರೀತಿ ಬದಲಾದದ್ದು.

ಶುರುವಾದದ್ದು 2005ರಲ್ಲಿ. ನೆಟ್‌ಸ್ಕೇಪ್ ಎಂಬ ಹಳೆಯ ಬ್ರೌಸರಿನ ಡೆವಲಪರ್ ದಾಖಲೆಗಳನ್ನು, ಅದರ ಒಡೆತನದ ಎಓಎಲ್ ಕಂಪನಿಯ ಅನುಮತಿ ಪಡೆದು, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ತೆಗೆದುಕೊಂಡಿತು, ಅದರ ಮೇಲೆ ವಿಕಿ ಕಟ್ಟಿತು. ವಿಕಿ ನಡೆಸುವ ತಂತ್ರಾಂಶ ಮೊದಲು ಮೀಡಿಯಾವಿಕಿ, ಆಮೇಲೆ ಡೆಕಿವಿಕಿ, 2012ರಲ್ಲಿ ಮೊಜಿಲ್ಲಾದವರೇ ಬರೆದ ಕೂಮಾ. ವಿಕಿ ಅಂದಮೇಲೆ ಪ್ರತಿ ಪುಟದಲ್ಲೂ ಎಡಿಟ್ ಬಟನ್ ಇರುತ್ತಿತ್ತು, ಲಾಗಿನ್ ಆಗಿ ತಪ್ಪು ತಿದ್ದಿ ಸೇವ್ ಒತ್ತಿದರೆ ಮುಗೀತು. ಅದು ಚೆನ್ನಾಗಿತ್ತು. ತೊಂದರೆ ಇದ್ದದ್ದು ಪುಟದ ಕೊನೆಯಲ್ಲಿ ಬರುವ ಬ್ರೌಸರ್ ಟೇಬಲಿನಲ್ಲಿ. ಆ ಪುಟದಲ್ಲಿ ವಿವರಿಸಿದ ಸೌಲಭ್ಯ ಯಾವ ಬ್ರೌಸರಿನ ಯಾವ ಆವೃತ್ತಿಯಲ್ಲಿ ನಡೆಯುತ್ತದೆ ಎಂದು ಹೇಳುವ ಟೇಬಲ್ ಅದು. ಅದನ್ನು ಪುಟಪುಟಕ್ಕೂ ಕೈಯಲ್ಲೇ ಬರೆಯಬೇಕಿತ್ತು. ಒಂದು ಕಡೆ ಹೊಸ ಮಾಹಿತಿ ಹಾಕಿದವರು ಇನ್ನೊಂದು ಕಡೆ ಹಾಕದೆ ಬಿಟ್ಟರೆ ಎರಡು ಪುಟ ಎರಡು ಥರ ಹೇಳುತ್ತವೆ.

ಈ ಟೇಬಲುಗಳ ಮಾಹಿತಿಯನ್ನೆಲ್ಲ ಪುಟಗಳಿಂದ ಕಿತ್ತು ಗಿಟ್‌ಹಬ್‌ನಲ್ಲಿ (ಕೋಡ್ ಹಂಚಿಕೊಳ್ಳುವ ತಾಣ) ಜೇಸನ್ ಫೈಲುಗಳಾಗಿ (ಮಾಹಿತಿಯನ್ನು ಕ್ರಮವಾಗಿ ಬರೆದಿಡುವ ಫೈಲುಗಳು) ಒಂದೇ ಕಡೆ ಇಟ್ಟರಲ್ಲ, ನನ್ನ ಲೆಕ್ಕದಲ್ಲಿ ಈ ಸೈಟಿನ ಅತಿ ದೊಡ್ಡ ವಿನ್ಯಾಸದ ಕೆಲಸ ಅದೇ. ಹೊರಗಿಂದ ಕಾಣುವಂಥದ್ದಲ್ಲ. ಒಂದು ಸಾಲು ತಿದ್ದಿದರೆ ಆ ಮಾಹಿತಿ ಬರುವ ಪುಟಗಳೆಲ್ಲ ಸರಿಹೋಗುತ್ತವೆ, ಅದೇ ಮಾಹಿತಿಯನ್ನು ಯಾವ ಬ್ರೌಸರಿನಲ್ಲಿ ಏನು ನಡೆಯುತ್ತದೆ ಎಂದು ತೋರಿಸುವ 'ಕ್ಯಾನ್ ಐ ಯೂಸ್' ಥರದ ಬೇರೆ ಸೈಟುಗಳೂ ಬಳಸುತ್ತಿವೆ.

2017ರಲ್ಲಿ ಗೂಗಲ್, ಮೈಕ್ರೋಸಾಫ್ಟ್, ಸ್ಯಾಮ್‌ಸಂಗ್ ಮತ್ತು ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಎಂಡಿಎನ್ ಕೆಲಸಕ್ಕೆ ಕೈ ಜೋಡಿಸಿದವು. ಸುಮಾರು ಅದೇ ಹೊತ್ತಿಗೆ ಪುಟದ ಮೇಲ್ಭಾಗಕ್ಕೆ ಪ್ರಯೋಗ ಮಾಡಿ ನೋಡುವ ಉದಾಹರಣೆಗಳು ಬಂದವು. ಪುಟದಲ್ಲಿ ಡಬ್ಬಿಗಳನ್ನು ಹೇಗೆ ಜೋಡಿಸಬೇಕೆಂದು ಹೇಳುವ ಜಸ್ಟಿಫೈ-ಕಂಟೆಂಟ್‌ನ ಪುಟವನ್ನೇ ನೋಡಿ: ಒಂದು ಕಡೆ ಸ್ಟಾರ್ಟ್, ಸೆಂಟರ್, ಸ್ಪೇಸ್-ಬಿಟ್ವೀನ್ ಅಂತ ಆಯ್ಕೆಗಳಿವೆ, ಒಂದನ್ನು ಒತ್ತಿದ ತಕ್ಷಣ ಪಕ್ಕದ ಡಬ್ಬಿಗಳು ಜರುಗುತ್ತವೆ, ಬೇಕಾದರೆ ಆ ಕೋಡನ್ನು ಅಲ್ಲೇ ತಿದ್ದಿಯೂ ನೋಡಬಹುದು. ಮೂರು ಪ್ಯಾರಾ ಓದಿ ತಿಳಿಯಬೇಕಾದದ್ದು ಎರಡು ಕ್ಲಿಕ್ಕಿಗೆ ತಲೆಗೆ ಹೋಗುತ್ತದೆ. ಹೊಸದಾಗಿ ಕಲಿಯುವವರಿಗೆ ನಾನು ಮೊದಲು ತೋರಿಸುವುದೇ ಇದನ್ನು.

2020ರ ಡಿಸೆಂಬರಿನಲ್ಲಿ ವಿಕಿ ಮುಗಿಯಿತು. ಯಾರಿ ಎಂಬ ಹೊಸ ವ್ಯವಸ್ಥೆ ಬಂತು, ಪುಟಗಳೆಲ್ಲ ಗಿಟ್‌ಹಬ್‌ಗೆ ಹೋದವು. ಈಗ ಒಂದು ಅಕ್ಷರ ತಿದ್ದಬೇಕಾದರೂ ಪುಲ್ ರಿಕ್ವೆಸ್ಟ್ (ಈ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಬೇಕು, ಯಾರಾದರೂ ನೋಡಿ ಒಪ್ಪಬೇಕು. ಸುಮ್ನೆ ಒಂದು ಕಾಗುಣಿತ ಸರಿಮಾಡಲು ಬಂದವರಿಗೆ ಇದು ದೂರದ ದಾರಿ, ನಿಜ. ಆದರೂ ಹಳೆಯ ಎಡಿಟ್ ಬಟನ್ ವಾಪಸ್ ಬರಲಿ ಎಂದು ನಾನು ಕೇಳುವುದಿಲ್ಲ. ಇಷ್ಟೊಂದು ಜನ ನಂಬಿ ಕೋಡ್ ಬರೆಯುವ ದಾಖಲೆಗೆ ಎರಡನೆಯವರ ಕಣ್ಣು ಬೀಳಲೇಬೇಕು.

2022ರ ಮಾರ್ಚಿನಲ್ಲಿ ಬಂದ ಹೊಸ ರೂಪವನ್ನು ನೀವೆಲ್ಲ ನೋಡಿರುತ್ತೀರಿ. ಹೊಸ ಲೋಗೋ, ಡಾರ್ಕ್ ಮೋಡ್, ದುಡ್ಡು ಕೊಟ್ಟು ಸೇರುವ ಎಂಡಿಎನ್ ಪ್ಲಸ್. ಡಾರ್ಕ್ ಮೋಡ್ ರಾತ್ರಿ ಕೆಲಸ ಮಾಡುವವರಿಗೆ ಹಾಯಾಗಿದೆ. ಪ್ಲಸ್ ತೆಗೆದುಕೊಳ್ಳದಿದ್ದರೂ ದಾಖಲೆಗಳನ್ನೆಲ್ಲ ಓದಬಹುದು, ಅದು ಹಾಗೇ ಇರಬೇಕು.

2023ರಲ್ಲಿ ಕೋಡ್ ಉದಾಹರಣೆಗಳ ಮೇಲೆ 'ಎಐ ಎಕ್ಸ್‌ಪ್ಲೇನ್' ಎಂಬ ಬಟನ್ ಕೂರಿಸಿದರು. ಅದು ಕೊಡುವ ವಿವರಣೆಯಲ್ಲಿ ತಪ್ಪುಗಳಿವೆ ಎಂದು ಬಳಕೆದಾರರು ಉದಾಹರಣೆ ಸಮೇತ ತೋರಿಸಿದ ಮೇಲೆ ನಿಲ್ಲಿಸಿದರು. ಸರಿಯಾಗಿಯೇ ಮಾಡಿದರು. ಎರಡನೆಯವರು ನೋಡಿ ಒಪ್ಪಿದ ಮಾತಿನ ಪಕ್ಕದಲ್ಲೇ ಯಾರೂ ನೋಡದ ಮಾತು ಬಂದು ಕೂತರೆ ಓದುವವರಿಗೆ ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ.

ಅದೇ ವರ್ಷ ಬಂದ ಬೇಸ್‌ಲೈನ್ ಮಾತ್ರ ನನಗೆ ತುಂಬಾ ಇಷ್ಟವಾಯಿತು. ಪುಟ ತೆರೆದ ಕೂಡಲೇ, ಹೆಸರಿನ ಕೆಳಗೇ, ಒಂದು ಅಡ್ಡಪಟ್ಟಿ ಕಾಣಿಸುತ್ತದೆ. ಒಂದು ಸೌಲಭ್ಯ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ನಾಲ್ಕರಲ್ಲೂ ಬಂದ ಮೇಲೆ 'ಹೊಸದಾಗಿ ಲಭ್ಯ', ಅಲ್ಲಿಂದ 30 ತಿಂಗಳಾದರೆ 'ವ್ಯಾಪಕವಾಗಿ ಲಭ್ಯ'. ಪುಟದ ರೂಪ ಬರೆಯುವ ಸಿಎಸ್ಎಸ್ ಭಾಷೆಯ ಹ್ಯಾಸ್ ಸೆಲೆಕ್ಟರನ್ನೇ (ಒಳಗೆ ಇಂಥದ್ದು ಇರುವ ಭಾಗವನ್ನು ಆರಿಸುವ ಸೌಲಭ್ಯ) ತೆಗೆದುಕೊಳ್ಳಿ. 2023ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್ 121ಕ್ಕೆ ಬಂದಾಗ ಅದು ಹೊಸದಾಗಿ ಲಭ್ಯ ಆಯಿತು. ಇದನ್ನು ಈಗ ಬಳಸಬಹುದೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಬಂದವರು ಮೊದಲೆಲ್ಲ ಪುಟದ ಕೊನೆಯ ತನಕ ಇಳಿದು ಟೇಬಲ್ ಓದಬೇಕಿತ್ತು. ಈಗ ಉತ್ತರ ಮೇಲೇ ಸಿಗುತ್ತದೆ. ಮಾಹಿತಿ ಪುಟಗಳಲ್ಲೇ ಚದುರಿದ್ದಿದ್ದರೆ ಈ ಪಟ್ಟಿ ಹಾಕಲು ಆಗುತ್ತಿರಲಿಲ್ಲ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಆ ಟೇಬಲಿಗೇ: ಬ್ರೌಸರುಗಳ ಹೆಸರನ್ನು ಉದ್ದುದ್ದ ನಿಲ್ಲಿಸಿ ಬರೆದಿದ್ದಾರೆ, ಓದಲು ಕತ್ತು ವಾಲಿಸಬೇಕು. ಅದೊಂದನ್ನು ಅಡ್ಡಕ್ಕೆ ಬರೆದರೆ ಉಳಿದ ಅರ್ಧವನ್ನೂ ಕೊಡುತ್ತೇನೆ.