ಮನೆಗೇ ಬಂದು ರಕ್ತ ತಗೊಂಡು ಹೋಗುವ ಲ್ಯಾಬು: ಶಿರಸಿ ಕಡೆಯ ಒಂದು ಮನೆಯ ಅನುಭವ

ಕೆಲವು ವರ್ಷಗಳಿಂದ ಅಪ್ಪ ಅಮ್ಮನ ರಕ್ತ ಪರೀಕ್ಷೆಯನ್ನೆಲ್ಲ ಒಂದೇ ಸೇವೆಯಲ್ಲಿ ಮಾಡಿಸುತ್ತಾ ಬಂದಿದ್ದೇವೆ. ಮನೆಗೆ ಬಂದು ರಕ್ತ ತೆಗೆಯುತ್ತಾರೆ, ಸ್ಯಾಂಪಲ್ ಹೊರ ಊರಿನ ದೊಡ್ಡ ಲ್ಯಾಬಿಗೆ ಹೋಗುತ್ತದೆ, ರಾತ್ರಿ ಮೊಬೈಲಿಗೆ ರಿಪೋರ್ಟ್ ಬರುತ್ತದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಸ್ಯಾಂಪಲ್ಲನ್ನು ಘಟ್ಟದ ಕೆಳಗೋ ಹುಬ್ಬಳ್ಳಿ ಕಡೆಗೋ ಕಳಿಸುವ ಎಲ್ಲ ಕಡೆಗೂ ಈ ಮಾತು ಸಲ್ಲುತ್ತದೆ.

ಮೊದಲು ಖುಷಿಯ ವಿಷಯ. ನಮ್ಮ ಮನೆ ಪೇಟೆಯಿಂದ ಒಳಗೆ, ತೋಟದ ಪಕ್ಕ. ಮುಂಚೆ ಫಾಸ್ಟಿಂಗ್ ಟೆಸ್ಟ್ ಅಂದರೆ ಅಪ್ಪನನ್ನು ಖಾಲಿ ಹೊಟ್ಟೆಯಲ್ಲಿ ಮೊದಲ ಬಸ್ಸಿಗೆ ಹತ್ತಿಸಬೇಕಿತ್ತು. ಮಳೆಗಾಲದಲ್ಲಿ ಅದು ಶಿಕ್ಷೆಯೇ ಸರಿ. ಈಗ ಆ ಗೋಳಿಲ್ಲ. ಹಿಂದಿನ ರಾತ್ರಿ ಎಂಟಕ್ಕೆ ಊಟ ಮುಗಿಸಿದರೆ ಆಯಿತು. ಬೆಳಿಗ್ಗೆ ಕಷಾಯ ಇಲ್ಲ, ಬರೀ ನೀರು. ಏಳು ಗಂಟೆಯೊಳಗೆ ಸ್ಕೂಟರಿನ ಸದ್ದು ಕೇಳಿಸುತ್ತದೆ.

ನಮ್ಮ ಮನೆಗೆ ಬರುವ ಹುಡುಗಿಯ ಕೈ ನೋಡಬೇಕು. ಚಳಿಗಾಲದಲ್ಲಿ ಅಪ್ಪನ ನರ ಕೈಗೆ ಸಿಗುವುದೇ ಇಲ್ಲ. ಅವಳು ಅವಸರ ಮಾಡುವುದಿಲ್ಲ. ಬಿಸಿನೀರಲ್ಲಿ ಅದ್ದಿದ ಟವೆಲ್ ಸುತ್ತಿಸಿ ಎರಡು ನಿಮಿಷ ಕಾಯುತ್ತಾಳೆ. ಮುಷ್ಟಿ ಬಿಗಿ ಮಾಡಿ, ಬಿಡಿ, ಮಾಡಿ ಅಂತ ಆಡಿಸುವುದಿಲ್ಲ. ಹಾಗೆ ಮಾಡಿದರೆ ಪೊಟ್ಯಾಶಿಯಂ ಸುಮ್ನೆ ಏರಿಬಿಡುತ್ತದೆ ಅಂತ ಅವಳೇ ಒಮ್ಮೆ ಹೇಳಿದ್ದಳು. ಮೊದಲು ಹಳದಿ ಮುಚ್ಚಳದ ಟ್ಯೂಬು, ಆಮೇಲೆ ನೇರಳೆ. ಈ ಕ್ರಮ ತಪ್ಪಬಾರದು. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಹಾಕಿರುವ ಇಡಿಟಿಎ ಅನ್ನುವುದು ಪೊಟ್ಯಾಶಿಯಂ ಇರುವ ಲವಣ. ಅದರ ಒಂದು ಹನಿ ಹಳದಿಗೆ ಬಿದ್ದರೂ ಪೊಟ್ಯಾಶಿಯಂ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಬರುತ್ತದೆ. ರಕ್ತ ತುಂಬಿದ ಮೇಲೆ ಟ್ಯೂಬನ್ನು ಕುಲುಕುವುದಿಲ್ಲ, ಮೆಲ್ಲಗೆ ತಲೆಕೆಳಗು ಮಾಡಿ ಮೇಲೆತ್ತುತ್ತಾಳೆ, ಎಂಟ್ಹತ್ತು ಸಲ. ಕುಲುಕಿದರೆ ಕಣಗಳು ಒಡೆಯುತ್ತವೆ. ಅವಳು ಹೊರಡುವ ಹೊತ್ತಿಗೆ ಅಮ್ಮನ ಬಂಡಿಯಲ್ಲಿ, ಅಂದರೆ ಕಾವಲಿಯಲ್ಲಿ, ತೆಳ್ಳೇವು (ತೆಳು ದೋಸೆ) ಏಳುತ್ತಿರುತ್ತದೆ. ಊಟದ ನಂತರದ ಶುಗರ್ ನೋಡಬೇಕಿದ್ದರೆ ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ. ಕೈ ತೊಳೆದ ಮೇಲಿನಿಂದ ಅಲ್ಲ. ಗೋಡೆ ಗಡಿಯಾರ ನೋಡಿ ಅಮ್ಮ ಕ್ಯಾಲೆಂಡರಿನ ಮೇಲೆ ಬರೆದಿಡುತ್ತಾರೆ.

ಈ ಸೇವೆಗೆ ನಾನು ನಿಜವಾಗಿ ಋಣಿಯಾಗಿರುವುದು ಅಮ್ಮನ ವಿಷಯದಲ್ಲಿ. ಪಾದ ಜುಮುಜುಮು ಅನ್ನುತ್ತದೆ, ಸುಸ್ತು ಅಂತ ಎಷ್ಟೋ ದಿನದಿಂದ ಹೇಳುತ್ತಿದ್ದರು. ವಯಸ್ಸಾಯಿತು ಅಂತ ಎಲ್ಲರೂ ಸುಮ್ಮನಿದ್ದರು. ಪ್ಯಾಕೇಜಿನಲ್ಲಿ ಬಿ12 ಸೇರಿತ್ತು, 130 ಬಂತು. 200ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. ಅದೇ ರಿಪೋರ್ಟಿನಲ್ಲಿ ಎಂಸಿವಿ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ, 100 ದಾಟಿತ್ತು. ಬಿ12 ಕಡಿಮೆಯಾದರೆ ಕಣ ಸಂಖ್ಯೆಯಲ್ಲಿ ಕಡಿಮೆಯಾಗಿ ಗಾತ್ರದಲ್ಲಿ ದೊಡ್ಡದಾಗುತ್ತದೆ. ಎರಡೂ ಒಂದೇ ಕಥೆ ಹೇಳುತ್ತಿದ್ದವು. ನಮ್ಮ ಮನೆಯಲ್ಲಿ ಮೀನು, ಮೊಟ್ಟೆ ಇಲ್ಲ. ಬಿ12 ಗಿಡದಿಂದ ಬರುವುದಿಲ್ಲ. ಹಾಲು ಮಜ್ಜಿಗೆಯಿಂದ ಬಂದಷ್ಟು ಬಂತು. ವಯಸ್ಸಾದಂತೆ ಹೊಟ್ಟೆ ಅದನ್ನು ಹೀರಿಕೊಳ್ಳುವುದೂ ಕಡಿಮೆ. ಡಾಕ್ಟರು ಇಂಜೆಕ್ಷನ್ ಶುರು ಮಾಡಿದರು. ಕೆಲವು ತಿಂಗಳಲ್ಲಿ ಅಮ್ಮ ಮತ್ತೆ ತೋಟಕ್ಕೆ ಇಳಿದು ವೀಳ್ಯದೆಲೆ ಕೊಯ್ಯತೊಡಗಿದರು. ನಮ್ಮ ಕಡೆಯ ಸಸ್ಯಾಹಾರಿ ಮನೆಗಳ ಹಿರಿಯರಿಗೆ ಈ ಒಂದು ಟೆಸ್ಟ್ ಮಾಡಿಸಿ ಅಂತ ಕೈಮುಗಿದು ಹೇಳುತ್ತೇನೆ.

ಇನ್ನು ಕಹಿ. ಹೋದ ಸಲ ಅಪ್ಪನ ರಿಪೋರ್ಟ್ ರಾತ್ರಿ ಹತ್ತಕ್ಕೆ ಬಂತು. ಪೊಟ್ಯಾಶಿಯಂ 6.2, ಕೆಂಪು ಅಕ್ಷರದಲ್ಲಿ. ಸಾಮಾನ್ಯವಾಗಿ ಇರಬೇಕಾದ್ದು 3.5ರಿಂದ 5. ಆರು ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಅಪ್ಪ ಬಿಪಿಗೆ ತಗೊಳ್ಳುವುದು ಟೆಲ್ಮಿಸಾರ್ಟನ್, ಅದು ಪೊಟ್ಯಾಶಿಯಂ ಏರಿಸಬಲ್ಲ ಮಾತ್ರೆ. ಹಾಗಾಗಿ ಸುಳ್ಳು ಅಂತ ಬದಿಗಿಡುವ ಹಾಗೂ ಇರಲಿಲ್ಲ. ಇಂಥ ಅಂಕಿ ಬಂದರೆ ಲ್ಯಾಬಿನವರು ಫೋನ್ ಮಾಡಿ ತಿಳಿಸಬೇಕು. ಯಾರೂ ಮಾಡಲಿಲ್ಲ, ಬರೀ ಪಿಡಿಎಫ್ ಬಂತು. ಆ ರಾತ್ರಿ ಮನೆಯಲ್ಲಿ ಯಾರಿಗೂ ಸರಿ ನಿದ್ದೆ ಇಲ್ಲ. ಬೆಳಿಗ್ಗೆ ಡಾಕ್ಟರು ಇಸಿಜಿ ಮಾಡಿದರು, ಸರಿ ಇತ್ತು. ಮಾತ್ರೆ ಮುಟ್ಟುವ ಮೊದಲು ಇನ್ನೊಮ್ಮೆ ಇಲ್ಲೇ ನೋಡೋಣ ಅಂದರು. ಪೇಟೆಯ ಸಣ್ಣ ಲ್ಯಾಬಿನಲ್ಲಿ ಕೊಟ್ಟೆವು. 4.3 ಬಂತು.

ಆಮೇಲೆ ಹಳೆಯ ರಿಪೋರ್ಟನ್ನು ಕೂತು ಓದಿದೆ. ಮೇಲ್ಗಡೆ ಮೂಲೆಯಲ್ಲಿ ಎರಡು ಸಮಯ ಸಣ್ಣ ಅಕ್ಷರದಲ್ಲಿ ಇರುತ್ತದೆ: ಸ್ಯಾಂಪಲ್ ತೆಗೆದದ್ದು, ಲ್ಯಾಬಿಗೆ ತಲುಪಿದ್ದು. ತೆಗೆದದ್ದು ಬೆಳಿಗ್ಗೆ 7 ಗಂಟೆಯ ಹೊತ್ತಿಗೆ, ತಲುಪಿದ್ದು ಸಂಜೆ ದಾಟಿದ ಮೇಲೆ. ಅಲ್ಲಿಯವರೆಗೆ ಆ ಹಳದಿ ಟ್ಯೂಬು ಹಾಗೇ ಇತ್ತು.

ಹಾಗೆ ಇರಬಾರದು. ರಕ್ತ ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಬೇಕು. ಆಗ ಕಣಗಳು ಕೆಳಗೆ ಕೂರುತ್ತವೆ, ತಿಳಿಯಾದ ಸೀರಂ ಮೇಲೆ ಉಳಿಯುತ್ತದೆ, ಟ್ಯೂಬಿನೊಳಗಿನ ಜೆಲ್ಲು ಕಾಲುವೆಗೆ ಹಾಕಿದ ಒಡ್ಡಿನ ಹಾಗೆ ನಡುವೆ ನಿಲ್ಲುತ್ತದೆ. ತಿರುಗಿಸದೆ ಬಿಟ್ಟರೆ ಕಣಗಳು ಸೀರಂ ಜೊತೆಗೇ ಇರುತ್ತವೆ. ಕಣದ ಒಳಗೆ ಪೊಟ್ಯಾಶಿಯಂ ಹೊರಗಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ. ಅದು ನಿಧಾನಕ್ಕೆ ಹೊರಗೆ ಸೋರುತ್ತದೆ. ಐಸ್ ಪೆಟ್ಟಿಗೆಯಲ್ಲಿಟ್ಟರೆ ಇನ್ನೂ ಜಾಸ್ತಿ ಸೋರುತ್ತದೆ, ಯಾಕೆಂದರೆ ಪೊಟ್ಯಾಶಿಯಂ ಒಳಗೆ ಎಳೆದುಕೊಳ್ಳುವ ಕಣದ ಪಂಪು ಚಳಿಗೆ ನಿಂತುಹೋಗುತ್ತದೆ.

ನನಗೆ ಹೆಚ್ಚು ಸಿಟ್ಟು ಬಂದದ್ದು ಇನ್ನೊಂದು ಅಂಕಿಗೆ. ಅದೇ ರಿಪೋರ್ಟಿನಲ್ಲಿ ಫಾಸ್ಟಿಂಗ್ ಶುಗರ್ 74 ಅಂತ ಕಪ್ಪು ಅಕ್ಷರದಲ್ಲಿ, ನಾರ್ಮಲ್ ಅಂತ ಇತ್ತು. ಅದೇ ಬೆಳಿಗ್ಗೆ ಮನೆಯ ಗ್ಲುಕೋಮೀಟರ್ 108 ತೋರಿಸಿತ್ತು. ಮೀಟರು ಸ್ವಲ್ಪ ಹೆಚ್ಚುಕಡಿಮೆ ತೋರಿಸುತ್ತದೆ ನಿಜ, ಆದರೆ ಇಷ್ಟಲ್ಲ. ಟ್ಯೂಬಿನಲ್ಲೂ ಕಣಗಳು ಬದುಕಿರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಹೊರಗಿನ ಬಿಸಿಯಲ್ಲಿ ಬಿಟ್ಟರೆ ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಯುತ್ತದೆ, ತಣ್ಣಗಿದ್ದರೆ ನಿಧಾನ. ಅದನ್ನು ತಡೆಯಲೆಂದೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬು ಇರುವುದು. ನಮ್ಮ ಮನೆಯಲ್ಲಿ ಆವತ್ತು ಬೂದು ಟ್ಯೂಬೇ ತೆಗೆಯಲಿಲ್ಲ. ಕೆಂಪು ಅಂಕಿ ಬಂದರೆ ಡಾಕ್ಟರ ಹತ್ತಿರ ಓಡುತ್ತೇವೆ, ತಪ್ಪು ಗೊತ್ತಾಗುತ್ತದೆ. ಕಪ್ಪು ಅಂಕಿಯನ್ನು ಯಾರು ಪ್ರಶ್ನಿಸುತ್ತಾರೆ? ಶುಗರ್ ಶುರುವಾಗುತ್ತಿರುವ ಎಷ್ಟು ಜನ ಹೀಗೆ ನಾರ್ಮಲ್ ಅಂದುಕೊಂಡು ಬೆಲ್ಲ ಹಾಕಿಕೊಂಡು ತಿನ್ನುತ್ತಿದ್ದಾರೋ.

ದೂರು ಕೊಟ್ಟೆ. ಮೊದಲು ಕಸ್ಟಮರ್ ಕೇರಿನವರು ಸಿದ್ಧ ಉತ್ತರ ಕಳಿಸಿದರು. ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು, ಸಮಯಕ್ಕೆ ಗುರುತು ಹಾಕಿ ಮತ್ತೆ ಕಳಿಸಿದ ಮೇಲೆ ಇಲ್ಲಿಯ ಕೇಂದ್ರದವರೇ ಫೋನ್ ಮಾಡಿದರು. ಆ ದಿನ ಸೆಂಟ್ರಿಫ್ಯೂಜ್ ಕೆಟ್ಟಿತ್ತು, ಹಾಗೇ ಕಳಿಸಿದೆವು ಅಂತ ಒಪ್ಪಿಕೊಂಡರು. ದುಡ್ಡು ವಾಪಸ್ ಬಂತು. ಈಗ ಕೇಳಿದರೆ ತಿರುಗಿಸಿದ ಸಮಯ ಹೇಳುತ್ತಾರೆ, ಬೂದು ಟ್ಯೂಬೂ ಬರುತ್ತದೆ. ನನ್ನ ಸಿಟ್ಟು ಅರ್ಧ ಇಳಿದದ್ದು ಅಲ್ಲಿ. ಆ ಹುಡುಗಿಯದಂತೂ ಇದರಲ್ಲಿ ಏನೂ ತಪ್ಪಿಲ್ಲ. ಆದರೆ ಕೇಳದವರಿಗೆ ಯಾರು ಹೇಳುತ್ತಾರೆ? ತಿರುಗಿಸಿದ ಸಮಯವನ್ನು ರಿಪೋರ್ಟಿನಲ್ಲೇ ಅಚ್ಚು ಹಾಕಬೇಕು.

ಅದಾದ ಮೇಲೆ ನಾವು ಟೆಸ್ಟುಗಳನ್ನು ಹಂಚಿಕೊಂಡಿದ್ದೇವೆ. ಎಚ್‌ಬಿಎ1ಸಿ, ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಕೊಲೆಸ್ಟ್ರಾಲ್, ಬಿ12 ಇವರಿಗೇ. ಎಚ್‌ಬಿಎ1ಸಿಗೆ ದಾರಿಯ ತಡ ಅಷ್ಟು ತಟ್ಟುವುದಿಲ್ಲ. ಅದು ಕೆಂಪು ಕಣಕ್ಕೆ ಅಂಟಿದ ಸಕ್ಕರೆಯ ಲೆಕ್ಕ, ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅಪ್ಪನದು 6.1, 5.7ರಿಂದ 6.4 ಅಂದರೆ ಶುಗರಿನ ಹೊಸ್ತಿಲು. ಅದನ್ನೂ ಹಿಮೋಗ್ಲೋಬಿನ್ ಜೊತೆಗೇ ನೋಡಬೇಕು, ಕಬ್ಬಿಣದ ಕೊರತೆ ಇದ್ದರೆ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಪೊಟ್ಯಾಶಿಯಂ, ಫಾಸ್ಟಿಂಗ್ ಶುಗರ್ ಮಾತ್ರ ಪೇಟೆಯ ಸಣ್ಣ ಲ್ಯಾಬಿಗೆ. ಅಲ್ಲಿ ಕಣ್ಣೆದುರೇ ಮಷಿನ್ ತಿರುಗುತ್ತದೆ.

ಜ್ವರ ಬಂದರಂತೂ ಮನೆಗೆ ಕರೆಸಿ ರಾತ್ರಿಯವರೆಗೆ ಕಾಯಬೇಡಿ. ನಮ್ಮ ಕಡೆ ಮಳೆಗಾಲಕ್ಕೆ ಡೆಂಗಿ, ಇಲಿ ಜ್ವರ. ಬೇಸಿಗೆಗೆ ಸಿದ್ದಾಪುರದ ಕಡೆ ಮಂಗನ ಕಾಯಿಲೆ. ಮೂರರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಆ ಸಂಖ್ಯೆ ಅದೇ ದಿನ, ಹತ್ತಿರದಲ್ಲೇ ಸಿಗಬೇಕು. ಯಾವ ಲಕ್ಷಣವೂ ಇಲ್ಲದೆ ಪ್ಲೇಟ್‌ಲೆಟ್ ತೀರಾ ಕಡಿಮೆ ಬಂದರೆ ರಕ್ತದ ಹನಿಯನ್ನು ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿ ಅಂತ ಕೇಳಿ. ಕೆಲವರ ರಕ್ತದಲ್ಲಿ ಇಡಿಟಿಎ ತಾಗಿ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ, ಮಷಿನ್ ಆ ಗುಂಪನ್ನು ಎಣಿಸುವುದಿಲ್ಲ.

ದುಡ್ಡಿನ ಮಾತು ಒಂದಿದೆ. ಅಡಿಕೆ ಮಾರಿದ ದುಡ್ಡಿನಲ್ಲಿ ವರ್ಷ ತೂಗಿಸುವ ಮನೆ ನಮ್ಮದು. ಎಪ್ಪತ್ತು ಎಂಬತ್ತು ಟೆಸ್ಟಿನ ಪ್ಯಾಕೇಜ್ ಅಗ್ಗ ಅಂತ ಕಾಣುತ್ತದೆ. ಆದರೆ ನಾರ್ಮಲ್ ಅನ್ನುವ ಗೆರೆ ಎಳೆಯುವುದೇ ಆರೋಗ್ಯವಂತರಲ್ಲಿ ಶೇಕಡಾ 95ರಷ್ಟು ಜನ ಒಳಗೆ ಬರುವ ಹಾಗೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಟೆಸ್ಟ್ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವನಿಗೂ ಒಂದಾದರೂ ಕೆಂಪು ಬರುವ ಸಾಧ್ಯತೆ ಶೇಕಡಾ 64ರಷ್ಟು. ಆ ಕೆಂಪಿನ ಬೆನ್ನು ಹತ್ತಿ ಮತ್ತೊಂದು ಟೆಸ್ಟ್, ಸ್ಕ್ಯಾನ್ ಅಂತ ಹೋದರೆ ಉಳಿಸಿದ್ದಕ್ಕಿಂತ ಖರ್ಚೇ ಜಾಸ್ತಿ. ಈಗ ಪ್ಯಾಕೇಜ್ ಬಿಟ್ಟು, ಡಾಕ್ಟರು ಬರೆದುಕೊಟ್ಟದ್ದನ್ನಷ್ಟೇ ಮಾಡಿಸುತ್ತೇವೆ.

5ಕ್ಕೆ 3 ಕೊಡುತ್ತೇನೆ. ಹುಡುಗಿಯ ಕೈಗೆ ಬೇರೆಯಾಗಿ 5. ಅಮ್ಮನ ಬಿ12 ಮತ್ತೆ ನೋಡುವ ಸಮಯ ಬಂದಿದೆ, ಅದಕ್ಕೆ ಇವರಿಗೇ ಬುಕ್ ಮಾಡಿದ್ದೇನೆ. ಅಪ್ಪನ ಪೊಟ್ಯಾಶಿಯಂ ಪೇಟೆಯಲ್ಲೇ.